ನಿಮಿಷಕ್ಕೆ ಹತ್ತೊಂಬತ್ತು ಲಕ್ಷ

ಲಕ್ವ ಹೊಡೆದ ಮಿದುಳಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ನರಕೋಶಗಳು ಸಾಯುತ್ತವೆ? ಈ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಹೇಳಲು ಹೊರಟವರು ಅಮೆರಿಕದ ಲಾಸ್ ಏಂಜಲೀಸ್‌ನ ನರವೈದ್ಯ ಜೆಫ್ರಿ ಸೇವರ್. ‘ಸ್ಟ್ರೋಕ್’ ವೈದ್ಯಪತ್ರಿಕೆಯಲ್ಲಿ 2006ರಲ್ಲಿ ಬಂದ ಅವರ ಪುಟ್ಟ ಲೇಖನ ಕೊಟ್ಟ ಉತ್ತರ 19 ಲಕ್ಷ. ಅದೇ ಒಂದು ನಿಮಿಷದಲ್ಲಿ ಕೋಶಗಳ ನಡುವಿನ 1,400 ಕೋಟಿ ಸಂಪರ್ಕಗಳು ಕಡಿದುಹೋಗುತ್ತವೆ, 12 ಕಿಲೋಮೀಟರ್ ಉದ್ದದ ನರತಂತು ಹಾಳಾಗುತ್ತದೆ. ಚಿಕಿತ್ಸೆಯಿಲ್ಲದೆ ಒಂದು ಗಂಟೆ ಕಳೆಯಿತೆಂದರೆ, ವಯಸ್ಸಾಗುತ್ತಾ ಮೂರೂವರೆ ವರ್ಷದಲ್ಲಿ ಸವೆಯಬೇಕಾದಷ್ಟು ಮಿದುಳು ಅಷ್ಟರಲ್ಲೇ ಸವೆದಿರುತ್ತದೆ.

‘ಸಮಯವೆಂದರೆ ಮಿದುಳು’ ಎಂಬ ಮಾತನ್ನು ಕ್ಯಾಮಿಲೋ ಗೋಮೆಜ್ ಎಂಬ ವೈದ್ಯರು 1993ರಲ್ಲೇ ಬಳಕೆಗೆ ತಂದಿದ್ದರು. ಸೇವರ್ ಆ ಘೋಷಣೆಗೆ ಲೆಕ್ಕ ಬರೆದರು. ಅದಕ್ಕಾಗಿ ಅವರು ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಅದಾಗಲೇ ಪ್ರಕಟವಾಗಿದ್ದ ಅಳತೆಗಳನ್ನು ಒಂದೆಡೆ ತಂದರು. ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ಕೊನೆಗೆ ಸತ್ತ ಭಾಗ ಸುಮಾರು 54 ಮಿಲಿಲೀಟರ್‌ನಷ್ಟಿರುತ್ತದೆ. ಅಷ್ಟು ಹಾನಿ ಪೂರ್ತಿಯಾಗಲು ಸುಮಾರು 10 ಗಂಟೆ ಹಿಡಿಯುತ್ತದೆ. ಅಷ್ಟು ಜಾಗದಲ್ಲಿರುವ ನರಕೋಶಗಳು ಸುಮಾರು 120 ಕೋಟಿ. ಉಳಿದದ್ದು ಭಾಗಾಕಾರ. ಹೊಸದೇನನ್ನೂ ಕಂಡುಹಿಡಿಯದ ಈ ಲೆಕ್ಕ ಮುಂದೆ ಜಗತ್ತಿನ ತುರ್ತು ಚಿಕಿತ್ಸಾ ಘಟಕಗಳ ಬಾಯಿಪಾಠವಾಯಿತು.

ಎಲ್ಲ ಲಕ್ವವೂ ಒಂದೇ ಬಗೆಯದಲ್ಲ. ಕೆಲವರಲ್ಲಿ ಮಿದುಳಿನ ನಾಳ ಒಡೆದು ರಕ್ತಸ್ರಾವವಾಗುತ್ತದೆ. ಹೆಚ್ಚಿನವರಲ್ಲಿ ಆಗುವುದು ನಾಳ ಕಟ್ಟಿಕೊಳ್ಳುವುದು: ಹೃದಯದಿಂದಲೋ ಕತ್ತಿನ ಅಪಧಮನಿಯಿಂದಲೋ ಬಂದ ಹೆಪ್ಪು ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡು ಮುಂದಿನ ಹರಿವನ್ನು ತಡೆಯುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳಿಗೆ, ದೇಹ ಬಳಸುವ ಆಮ್ಲಜನಕದ ಐದನೇ ಒಂದು ಪಾಲು ಬೇಕು. ನಾಳೆಗೆಂದು ಕೂಡಿಟ್ಟುಕೊಳ್ಳುವ ಸೌಕರ್ಯ ಅದಕ್ಕಿಲ್ಲ.

ಆದರೂ ಹರಿವು ನಿಂತ ಕೂಡಲೇ ಎಲ್ಲವೂ ಸಾಯುವುದಿಲ್ಲ. ನಾಲೆಯಲ್ಲಿ ನೀರು ನಿಂತಾಗ ಕೊನೆಯಂಚಿನ ಗದ್ದೆ ಮೊದಲು ಒಣಗುತ್ತದೆ. ಪಕ್ಕದ ಕಾಲುವೆಯ ಬಸಿನೀರು ಸಿಗುವ ಗದ್ದೆ ಬಾಡಿದರೂ ಕೆಲವು ದಿನ ಜೀವ ಹಿಡಿದುಕೊಂಡಿರುತ್ತದೆ. ಮಿದುಳಿನಲ್ಲೂ ಹಾಗೆಯೇ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯಬೇಕು. ಅದು 20ಕ್ಕಿಂತ ಕೆಳಗಿಳಿದರೆ ಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಬದುಕಿರುತ್ತವೆ. 10ಕ್ಕಿಂತ ಇಳಿದರೆ ಬೇಗನೆ ಸಾಯುತ್ತವೆ. ಸತ್ತ ಭಾಗದ ಸುತ್ತ ಅಕ್ಕಪಕ್ಕದ ನಾಳಗಳ ಅಲ್ಪಸ್ವಲ್ಪ ರಕ್ತದ ಮೇಲೆ ಉಳಿದುಕೊಂಡಿರುವ ಈ ವಲಯವನ್ನು ತಜ್ಞರು ಪೆನಂಬ್ರಾ ಎನ್ನುತ್ತಾರೆ. ನಾಳ ಕಟ್ಟಿಕೊಂಡ ಲಕ್ವದ ಎಲ್ಲ ತುರ್ತು ಚಿಕಿತ್ಸೆಯ ಗುರಿಯೂ ಇದೇ ವಲಯ. ಕೈ ಎತ್ತಲಾಗದೆ ಮಲಗಿರುವ ರೋಗಿಯಲ್ಲಿ ಕೈಯನ್ನು ಆಡಿಸುವ ಕೋಶಗಳು ಇನ್ನೂ ಸತ್ತಿರಲಿಕ್ಕಿಲ್ಲ.

ಈ ವಲಯವನ್ನು ಉಳಿಸಬಹುದೆಂದು ಮೊದಲು ತೋರಿಸಿಕೊಟ್ಟದ್ದು ಹೆಪ್ಪು ಕರಗಿಸುವ ಟಿಪಿಎ ಎಂಬ ಔಷಧಿ. ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1995ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೂರು ಗಂಟೆಯೊಳಗೆ ಟಿಪಿಎ ಪಡೆದವರಲ್ಲಿ ಹೆಚ್ಚು ಜನ ಮೂರು ತಿಂಗಳ ನಂತರ ಬಹುತೇಕ ಮೊದಲಿನಂತಾಗಿದ್ದರು. ಅಪಾಯವೂ ಇತ್ತು: ಮಿದುಳಿನಲ್ಲಿ ತೀವ್ರ ರಕ್ತಸ್ರಾವವಾದವರು ಔಷಧಿ ಪಡೆದವರಲ್ಲಿ ನೂರಕ್ಕೆ 6.4, ಪಡೆಯದವರಲ್ಲಿ 0.6. ಆದ್ದರಿಂದ ಸಿ.ಟಿ. ಸ್ಕ್ಯಾನ್ ಮಾಡಿ, ನಾಳ ಒಡೆದಿಲ್ಲವೆಂದು ಖಚಿತಪಡಿಸಿಕೊಳ್ಳದೆ ಇದನ್ನು ಕೊಡುವಂತಿಲ್ಲ. 2008ರಲ್ಲಿ ಯುರೋಪಿನ ಪ್ರಯೋಗವೊಂದು ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು.

ಸೇವರ್ ಅವರನ್ನು ಕಾಡಿದ ಪ್ರಶ್ನೆ ಬೇರೆ. ಮನೆಯಿಂದ ಆಸ್ಪತ್ರೆಗೆ, ಬಾಗಿಲಿನಿಂದ ಸ್ಕ್ಯಾನ್ ಕೋಣೆಗೆ, ಅಲ್ಲಿಂದ ಸೂಜಿಗೆ ಹೋಗುವಷ್ಟರಲ್ಲಿ ಕಳೆದುಹೋಗುವ ನಿಮಿಷಗಳ ಗತಿಯೇನು? ಹೆಪ್ಪು ಕರಗುವ ತನಕ ಕೋಶಗಳು ತಾಳಿಕೊಳ್ಳುವಂತೆ ಮಾಡುವ ಮದ್ದಿದ್ದರೆ, ಅದನ್ನು ಆಂಬುಲೆನ್ಸ್‌ನಲ್ಲೇ ಕೊಡಬಹುದಲ್ಲವೇ? ಅವರ ಕಣ್ಣಿಗೆ ಬಿದ್ದದ್ದು ಹೆರಿಗೆ ವಾರ್ಡುಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ, ಅಗ್ಗದ ಮೆಗ್ನೀಸಿಯಂ ಸಲ್ಫೇಟ್. ಆಮ್ಲಜನಕವಿಲ್ಲದೆ ಒದ್ದಾಡುವ ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಯುತ್ತವೆ. ಅದರಿಂದ ನೆರೆಯ ಕೋಶಗಳ ಬಾಗಿಲು ತೆರೆದು ಕ್ಯಾಲ್ಸಿಯಂ ನುಗ್ಗಿ, ಅವೂ ಸಾಯುತ್ತವೆ. ಮೆಗ್ನೀಸಿಯಂ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ನಾಳ ಒಡೆದ ಲಕ್ವವಾಗಿದ್ದರೂ ಅದರಿಂದ ಹಾನಿಯಿಲ್ಲ, ಹಾಗಾಗಿ ಸ್ಕ್ಯಾನ್‌ಗೆ ಕಾಯಬೇಕಿಲ್ಲ. ಹಿಂದಿನ ಒಂದು ಪ್ರಯೋಗದಲ್ಲಿ ಇದು ಫಲ ಕೊಟ್ಟಿರಲಿಲ್ಲ. ಆದರೆ ಅಲ್ಲಿ ಔಷಧಿ ಸಿಕ್ಕಿದ್ದು ಹಲವು ಗಂಟೆ ತಡವಾಗಿ ಎಂಬುದು ಸೇವರ್ ಅವರ ವಾದ.

2005ರ ಜನವರಿಯಲ್ಲಿ ‘ಫಾಸ್ಟ್-ಮ್ಯಾಗ್’ ಪ್ರಯೋಗ ಆರಂಭವಾಯಿತು. ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳ 315 ಆಂಬುಲೆನ್ಸ್‌ಗಳು, 60 ಆಸ್ಪತ್ರೆಗಳು ಅದರಲ್ಲಿ ಸೇರಿಕೊಂಡವು. ಕರೆ ಬಂದ ಮನೆಗೆ ತಲುಪಿದ ಆಂಬುಲೆನ್ಸ್ ಸಿಬ್ಬಂದಿ ಮೂರು ಪರೀಕ್ಷೆ ಮಾಡುತ್ತಿದ್ದರು: ನಗಲು ಹೇಳಿ ಮುಖ ಒಂದು ಕಡೆ ಜೋತಿದೆಯೇ ಎಂದು ನೋಡುವುದು, ಎರಡೂ ಕೈಯ ಹಿಡಿತ ಸಮನಾಗಿದೆಯೇ ಎಂದು ಬೆರಳು ಕೊಟ್ಟು ಹಿಡಿಸುವುದು, ತೋಳು ಚಾಚಿಸಿ ಒಂದು ಕೆಳಗೆ ಬೀಳುತ್ತದೆಯೇ ಎಂದು ಗಮನಿಸುವುದು. ಜೊತೆಗೆ ರಕ್ತದ ಸಕ್ಕರೆ ನೋಡಲೇಬೇಕು, ಏಕೆಂದರೆ ಸಕ್ಕರೆ ತೀರಾ ಇಳಿದಾಗಲೂ ಲಕ್ವದಂತೆಯೇ ಕಾಣುತ್ತದೆ. ಅನುಮಾನ ಗಟ್ಟಿಯಾದರೆ ಮೊಬೈಲ್‌ನಲ್ಲಿ ಪ್ರಯೋಗದ ವೈದ್ಯರಿಗೆ ಕರೆ. ವೈದ್ಯರು ಅಲ್ಲೇ ರೋಗಿಯೊಂದಿಗೋ ಮನೆಯವರೊಂದಿಗೋ ಮಾತಾಡಿ ಒಪ್ಪಿಗೆ ಪಡೆಯುತ್ತಿದ್ದರು. ಔಷಧಿಯೋ ಬರೀ ದ್ರಾವಣವೋ ಯಾರಿಗೂ ತಿಳಿಯದ ಚೀಲವೊಂದು ಆಂಬುಲೆನ್ಸ್‌ನಲ್ಲೇ ತೂಗಾಡತೊಡಗುತ್ತಿತ್ತು.

ಎಂಟು ವರ್ಷದಲ್ಲಿ 1,700 ರೋಗಿಗಳು ಸೇರಿದರು. ಅವರಲ್ಲಿ ನೂರಕ್ಕೆ 74 ಮಂದಿಗೆ ಲಕ್ಷಣ ಕಂಡ ಮೊದಲ ಗಂಟೆಯೊಳಗೇ ಚಿಕಿತ್ಸೆ ಆರಂಭವಾಗಿತ್ತು. ಮಧ್ಯಾಂಕ 45 ನಿಮಿಷ. ಆವರೆಗೆ ಯಾವ ದೊಡ್ಡ ಲಕ್ವ ಪ್ರಯೋಗವೂ ಅಷ್ಟು ಬೇಗ ರೋಗಿಯನ್ನು ಮುಟ್ಟಿರಲಿಲ್ಲ. 2015ರಲ್ಲಿ ಫಲಿತಾಂಶ ಬಂತು. ಅಂಗವೈಕಲ್ಯವನ್ನು 0ಯಿಂದ 6ರವರೆಗೆ ಅಳೆಯುವ ರ‍್ಯಾಂಕಿನ್ ಮಾಪಕದಲ್ಲಿ 0 ಎಂದರೆ ಯಾವ ತೊಂದರೆಯೂ ಇಲ್ಲ, 6 ಎಂದರೆ ಸಾವು. ಮೆಗ್ನೀಸಿಯಂ ಪಡೆದವರ ಸರಾಸರಿ 2.7, ಪಡೆಯದವರದೂ 2.7. ಔಷಧಿ ಸೋತಿತು.

ಕೋಶಗಳನ್ನು ಕಾಪಾಡುತ್ತವೆಂದು ಪ್ರಯೋಗಾಲಯಗಳಲ್ಲಿ ಪರೀಕ್ಷೆಗೊಳಗಾದ ಸಾವಿರಕ್ಕೂ ಹೆಚ್ಚು ಮದ್ದುಗಳ ಸಾಲಿಗೆ ಇನ್ನೊಂದು ಸೇರಿತು ಎಂದು ಇದನ್ನು ಬದಿಗಿಡಬಹುದಿತ್ತು. ಆದರೆ ಆ 45 ನಿಮಿಷ ಸುಳ್ಳಲ್ಲವಲ್ಲ. ವೈದ್ಯರು ಪಕ್ಕದಲ್ಲಿಲ್ಲದೆಯೂ ಆಂಬುಲೆನ್ಸ್ ಸಿಬ್ಬಂದಿ ಲಕ್ವವನ್ನು ಗುರುತಿಸಬಲ್ಲರು, ಫೋನಿನಲ್ಲೇ ಒಪ್ಪಿಗೆ ಪಡೆದು ರಸ್ತೆಯಲ್ಲೇ ಚಿಕಿತ್ಸೆ ಶುರುಮಾಡಬಹುದು ಎಂಬುದು ಇದರಿಂದ ರುಜುವಾತಾಯಿತು. ಅತ್ತ ಜರ್ಮನಿಯಲ್ಲಿ ಕ್ಲಾಸ್ ಫಾಸ್‌ಬೆಂಡರ್ ಅವರ ತಂಡ ಸಿ.ಟಿ. ಯಂತ್ರವನ್ನೇ ಆಂಬುಲೆನ್ಸ್‌ಗೆ ಏರಿಸಿತ್ತು. ಹೆಪ್ಪು ಕರಗಿಸುವ ಮದ್ದನ್ನು ಅಂಥ ವಾಹನದಲ್ಲೇ ಕೊಟ್ಟರೆ ರೋಗಿಗಳು ಹೆಚ್ಚು ಚೇತರಿಸಿಕೊಳ್ಳುತ್ತಾರೆಂದು 2021ರಲ್ಲಿ ದೃಢಪಟ್ಟಿತು.

ಅಷ್ಟರಲ್ಲಿ ಸೇವರ್ ಇನ್ನೊಂದು ದಾರಿಯಲ್ಲೂ ನಡೆದಿದ್ದರು. ದೊಡ್ಡ ನಾಳದ ದೊಡ್ಡ ಹೆಪ್ಪು ಟಿಪಿಎಗೆ ಸುಲಭವಾಗಿ ಕರಗುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಮಿದುಳಿನವರೆಗೆ ಏರಿಸಿ ಹೆಪ್ಪನ್ನೇ ಹಿಡಿದೆಳೆಯುವ ಉಪಾಯ ಬಂದಿತ್ತು. ಮೊದಲ ಸಲಕರಣೆಗಳು ಅಷ್ಟೇನೂ ಪಳಗಿರಲಿಲ್ಲ. 2013ರಲ್ಲಿ ಮೂರು ಪ್ರಯೋಗಗಳು ಒಟ್ಟಿಗೆ ನಿರಾಶೆ ತಂದವು. ಆದರೆ ಹೆಪ್ಪಿನೊಳಗೆ ಬಿಚ್ಚಿಕೊಂಡು ಅದನ್ನು ಜಾಲರಿಯಲ್ಲಿ ಸಿಕ್ಕಿಸಿಕೊಂಡು ಬರುವ ‘ಸಾಲಿಟೇರ್’ ಎಂಬ ಸಲಕರಣೆ ಹಳೆಯದಕ್ಕಿಂತ ಎಷ್ಟೋ ಉತ್ತಮವೆಂದು ಸೇವರ್ ನೇತೃತ್ವದ ಪ್ರಯೋಗ 2012ರಲ್ಲೇ ತೋರಿಸಿತ್ತು. 2015ರಲ್ಲಿ ಅವರದೇ ‘ಸ್ವಿಫ್ಟ್ ಪ್ರೈಮ್’ ಪ್ರಯೋಗ ಹೊರಬಂತು. ಒಟ್ಟು 196 ರೋಗಿಗಳು, ಎಲ್ಲರಿಗೂ ಟಿಪಿಎ. ಅರ್ಧದಷ್ಟು ಜನರಿಗೆ ಹೆಪ್ಪನ್ನೂ ಎಳೆದು ತೆಗೆಯಲಾಯಿತು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಬರೀ ಟಿಪಿಎ ಪಡೆದವರಲ್ಲಿ ನೂರಕ್ಕೆ 35, ಹೆಪ್ಪು ತೆಗೆಸಿಕೊಂಡವರಲ್ಲಿ 60. ಅದೇ ವರ್ಷ ಇನ್ನೂ ನಾಲ್ಕು ಪ್ರಯೋಗಗಳು ಇದೇ ಮಾತು ಹೇಳಿದವು.

ಇಲ್ಲೂ ಸೇವರ್ ಗಡಿಯಾರ ಬಿಡಲಿಲ್ಲ. ಐದೂ ಪ್ರಯೋಗಗಳ ದತ್ತಾಂಶ ಒಟ್ಟುಗೂಡಿಸಿ 2016ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಹಾಕಿದ ಲೆಕ್ಕವಿದು: ಆಸ್ಪತ್ರೆಯ ಬಾಗಿಲಿನಿಂದ ರಕ್ತ ಮತ್ತೆ ಹರಿಯುವವರೆಗಿನ ಅವಧಿಯಲ್ಲಿ 15 ನಿಮಿಷ ಉಳಿಸಿದರೆ, ಹೀಗೆ ನಾಳ ತೆರೆದ ಪ್ರತಿ ಸಾವಿರ ರೋಗಿಗಳಲ್ಲಿ 39 ಮಂದಿಯ ಅಂಗವೈಕಲ್ಯ ಕಡಿಮೆಯಾಗುತ್ತದೆ, ಅವರಲ್ಲಿ 25 ಮಂದಿ ಸ್ವಾವಲಂಬಿಗಳಾಗುತ್ತಾರೆ.

ಮೊದಲ ಅಂಕಿಗೆ ಮಾತ್ರ ತಿದ್ದುಪಡಿ ಬೇಕಾಯಿತು. 19 ಲಕ್ಷ ಎಂಬುದು ಸರಾಸರಿ. 2019ರಲ್ಲಿ ಇನ್ನೊಂದು ಸಂಶೋಧಕ ತಂಡ ರೋಗಿಯಿಂದ ರೋಗಿಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ನಿಮಿಷಕ್ಕೆ 35 ಸಾವಿರಕ್ಕಿಂತ ಕಡಿಮೆಯಿಂದ 2 ಕೋಟಿ 70 ಲಕ್ಷ ದಾಟುವವರೆಗಿನ ಹರವು. ಅಕ್ಕಪಕ್ಕದ ನಾಳಗಳ ಆಸರೆ ಚೆನ್ನಾಗಿರುವವರಲ್ಲಿ ಹಾನಿ ನಿಧಾನ. ಅಂಥವರನ್ನು ಸ್ಕ್ಯಾನ್ ಮೂಲಕ ಆರಿಸಿ 24 ಗಂಟೆಯವರೆಗೂ ಹೆಪ್ಪು ತೆಗೆಯಬಹುದೆಂದು 2018ರ ‘ಡಾನ್’ ಪ್ರಯೋಗ ತೋರಿಸಿತು. ತಡವಾಗಿದೆ, ಇನ್ನು ಹೋಗಿ ಪ್ರಯೋಜನವಿಲ್ಲ ಎಂದು ಮನೆಯವರು ತಾವೇ ತೀರ್ಮಾನಿಸಬಾರದು. ಹಾಗೆಂದು ಯಾರ ಮಿದುಳು ನಿಧಾನ, ಯಾರದು ವೇಗ ಎಂಬುದು ಮನೆಯಲ್ಲಿ ತಿಳಿಯುವಂಥದ್ದೂ ಅಲ್ಲ.

ಜೀವ ಉಳಿದ ಮೇಲೆ ಲೆಕ್ಕದ ರೀತಿಯೇ ಬದಲಾಗುತ್ತದೆ. ಚಿಕಿತ್ಸೆಗೆ ನಿಮಿಷದ ಅವಸರ ಬೇಕು, ಚೇತರಿಕೆಗೆ ಅದು ಒಗ್ಗುವುದಿಲ್ಲ. ಲಕ್ವವಾದ 24 ಗಂಟೆಯೊಳಗೇ ರೋಗಿಯನ್ನು ಎಬ್ಬಿಸಿ ಹೆಚ್ಚು ಹೊತ್ತು ನಡೆದಾಡಿಸಿದರೆ ಒಳ್ಳೆಯದೇ ಎಂದು ಐದು ದೇಶಗಳ 2,104 ರೋಗಿಗಳಲ್ಲಿ ಪರೀಕ್ಷಿಸಿದ ‘ಅವರ್ಟ್’ ಪ್ರಯೋಗದಲ್ಲಿ, ಮಾಮೂಲಿ ಆರೈಕೆ ಪಡೆದವರೇ ತುಸು ಹೆಚ್ಚು ಚೇತರಿಸಿಕೊಂಡರು. ಅಮೆರಿಕದ ಒಂದು ಸಣ್ಣ ಅಧ್ಯಯನ 72 ರೋಗಿಗಳಿಗೆ ಬೇರೆಬೇರೆ ಹಂತದಲ್ಲಿ 20 ಗಂಟೆಗಳ ಹೆಚ್ಚುವರಿ ಕೈ ವ್ಯಾಯಾಮ ಕೊಡಿಸಿ ನೋಡಿತು. ಎಲ್ಲಕ್ಕಿಂತ ಹೆಚ್ಚು ಫಲ ಸಿಕ್ಕಿದ್ದು ಎರಡು ಮೂರು ತಿಂಗಳಾದಾಗ ಅದನ್ನು ಪಡೆದವರಿಗೆ. ಆರು ತಿಂಗಳ ನಂತರ ಆರಂಭಿಸಿದವರಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಒಳಗೊಂಡ ‘ಅಟೆಂಡ್’ ಪ್ರಯೋಗ, ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಸಾಕೇ ಎಂದು ಕೇಳಿತು. ಆರು ತಿಂಗಳಲ್ಲಿ ಸತ್ತವರು ಮತ್ತು ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ಮನೆಯವರ ಪ್ರೀತಿ ಬೇಕು ನಿಜ, ನುರಿತ ಫಿಸಿಯೋಥೆರಪಿಸ್ಟ್ ಮಾಡುವ ಕೆಲಸವನ್ನೂ ಅವರ ಹೆಗಲಿಗೇ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ನಮ್ಮ ಕಡೆ ಈ ಲೆಕ್ಕ ಎಲ್ಲಿ ತಪ್ಪುತ್ತದೆ? ಕೈ ಮರಗಟ್ಟಿದೆ, ಮಲಗಿದರೆ ಸರಿಹೋಗುತ್ತದೆ ಎನ್ನುವಲ್ಲಿ. ‘ಲಕ್ವಕ್ಕೆ ನಾಟಿ ಔಷಧಿ’ ಎಂಬ ಫಲಕ ಹುಡುಕಿಕೊಂಡು ಹೋಗುವಲ್ಲಿ. ಸಿ.ಟಿ. ಯಂತ್ರವಿಲ್ಲದ ನರ್ಸಿಂಗ್ ಹೋಂ ಸುತ್ತುವಲ್ಲಿ. ಕರ್ನಾಟಕದಲ್ಲಿ 108 ಸೇವೆ 2008ರಿಂದ ಇದೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಮಿದುಳಿನ ಆರೋಗ್ಯಕ್ಕೆಂದೇ ಯೋಜನೆ ರೂಪಿಸಿದೆ. ಆದರೆ ಮೊದಲ ನಿಮಿಷಗಳು ಯಾವಾಗಲೂ ಮನೆಯವರ ಕೈಯಲ್ಲೇ ಇರುತ್ತವೆ. ಲಾಸ್ ಏಂಜಲೀಸ್‌ನ ಆಂಬುಲೆನ್ಸ್ ಸಿಬ್ಬಂದಿ ಮಾಡಿದ ಮೂರು ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು. ಮಾತು ತೊದಲುತ್ತಿದೆಯೇ ಎಂಬುದನ್ನೂ ಸೇರಿಸಿಕೊಳ್ಳಿ. ನೀರು, ಊಟ, ಮಾತ್ರೆ ಏನನ್ನೂ ಕೊಡಬೇಡಿ. ನಾಳ ಒಡೆದಿದ್ದರೆ ಆಸ್ಪಿರಿನ್ ಕೂಡ ಅಪಾಯ. ರೋಗಿ ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಇನ್ನು, ರಾತ್ರಿ ಹೊತ್ತಿನಲ್ಲೂ ಸಿ.ಟಿ. ಮಾಡಿ ಹೆಪ್ಪು ಕರಗಿಸುವ ಮದ್ದು ಕೊಡುವ ಆಸ್ಪತ್ರೆ ನಿಮ್ಮೂರಿಗೆ ಹತ್ತಿರದಲ್ಲಿ ಯಾವುದು? ಅದನ್ನು ಈ ವಾರವೇ ವಿಚಾರಿಸಿಟ್ಟುಕೊಳ್ಳಬಹುದು. ಲಕ್ವ ಹೊಡೆದ ಮೇಲೆ ವಿಚಾರಿಸುವುದಕ್ಕೆ ನಿಮಿಷದ ಲೆಕ್ಕದಲ್ಲಿ ಬೆಲೆ ತೆರಬೇಕಾಗುತ್ತದೆ.