ಕೊನೆಯ ಕೋಣೆಗೂ ಬಿಸಿನೀರು

ಬ್ರಿಟನ್ನಿನ ಚಳಿಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ದೂರು. ಕೆಳಗಿನ ಹಾಲ್‌ನ ರೇಡಿಯೇಟರ್ ಕೈ ಇಡಲಾರದಷ್ಟು ಸುಡುತ್ತದೆ, ಮಹಡಿಯ ಮೂಲೆಕೋಣೆಯದು ಗಂಟೆ ಕಳೆದರೂ ಉಗುರು ಬೆಚ್ಚಗೇ ಇರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಮಗಳ ಬಾಣಂತನಕ್ಕೆಂದು ಊರಿಂದ ಹೋದ ತಾಯಿಗೆ ಆ ಮೂಲೆಕೋಣೆಯೇ ಸಿಕ್ಕಿದರೆ ಎರಡು ರಗ್ಗು ಹೊದ್ದರೂ ಸಾಲದು. ಆಗ ಹೆಚ್ಚಿನವರು ಮಾಡುವುದು ಬಾಯ್ಲರಿನ ಉಷ್ಣಾಂಶ ಏರಿಸುವ ಕೆಲಸ. ಸುಡುವ ಕೋಣೆ ಇನ್ನಷ್ಟು ಸುಡುತ್ತದೆ, ಗ್ಯಾಸಿನ ಬಿಲ್ಲು ಏರುತ್ತದೆ, ಮೂಲೆಯ ಚಳಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ತಪ್ಪಿರುವುದು ನೀರಿನ ಹಂಚಿಕೆ.

ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಮುಖ್ಯ ಕೊಳವೆಗೆ ನೂಕುತ್ತದೆ. ಸಾಮಾನ್ಯವಾಗಿ ಅದು 22 ಮಿಲಿಮೀಟರಿನ ತಾಮ್ರದ ಕೊಳವೆ. ಅದರಿಂದ ಪ್ರತಿ ರೇಡಿಯೇಟರಿಗೂ 15 ಮಿಲಿಮೀಟರಿನ ಕವಲು. ಶಾಖ ಕೊಟ್ಟು ತಣಿದ ನೀರು ಇನ್ನೊಂದು ಕೊಳವೆಯಲ್ಲಿ ಹಿಂದಿರುಗುತ್ತದೆ. ಅಡ್ಡಿ ಎಲ್ಲಿ ಕಡಿಮೆಯೋ ಅಲ್ಲಿ ನೀರು ಹೆಚ್ಚು ಹರಿಯುತ್ತದೆ. ಬಾಯ್ಲರಿಗೆ ಹತ್ತಿರದ ರೇಡಿಯೇಟರಿನ ದಾರಿ ಚಿಕ್ಕದು, ತಿರುವುಗಳೂ ಕಡಿಮೆ. ಹಾಗಾಗಿ ಸಿಂಹಪಾಲು ಅದಕ್ಕೇ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ತೂಬುಗಳೆಲ್ಲ ತೆರೆದೇ ಇದ್ದರೆ ರಾಯಚೂರು ಕಡೆಯ ಕೊನೆಭಾಗದ ಹೊಲಗಳಿಗೆ ನೀರು ಮುಟ್ಟದು, ಅದೇ ಪಾಡು ಇಲ್ಲಿ ಮೂಲೆಕೋಣೆಯದು. ಪಂಪನ್ನು ಜೋರು ಮಾಡಿದರೂ ಹೆಚ್ಚೇನೂ ಗಿಟ್ಟುವುದಿಲ್ಲ. ಹರಿವು ಎರಡು ಪಟ್ಟಾಗಲು ಸುಮಾರು ನಾಲ್ಕು ಪಟ್ಟು ಒತ್ತಡ ಬೇಕು, ಹೀಗೆ ಬಂದ ಹೆಚ್ಚುವರಿ ನೀರಲ್ಲೂ ದೊಡ್ಡ ಪಾಲು ಹತ್ತಿರದವಕ್ಕೇ ಹೋಗುತ್ತದೆ.

ಇಷ್ಟಕ್ಕೂ ಹತ್ತಿರದ ರೇಡಿಯೇಟರಿಗೆ ಅಷ್ಟು ನೀರು ಬೇಕೇ? ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಲೆಕ್ಕ ಇಲ್ಲಿದೆ. ನೀರು 70 ಡಿಗ್ರಿಯಲ್ಲಿ ಒಳಹೋಗಿ 60 ಡಿಗ್ರಿಯಲ್ಲಿ ಹೊರಬರುತ್ತಿದೆ ಎನ್ನೋಣ. ಸರಾಸರಿ 65. ಕೋಣೆ 20 ಡಿಗ್ರಿ ಇದ್ದರೆ ಎರಡರ ನಡುವಿನ ಅಂತರ 45. ಈಗ ವಾಲ್ವನ್ನು ಬಿಗಿಮಾಡುತ್ತಾ ಹೋಗಿ, ಹೊರಬರುವ ನೀರು 50 ಡಿಗ್ರಿಗೆ ಇಳಿಯಲಿ. ಸರಾಸರಿ 60, ಅಂತರ 40. ರೇಡಿಯೇಟರ್ ಕೊಡುವ ಶಾಖ ಈ ಅಂತರದ ಸುಮಾರು 1.3ನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ ಶಾಖ ಕುಗ್ಗಿದ್ದು ಶೇಕಡಾ 14ರಷ್ಟು. ಆದರೆ ಪ್ರತಿ ಲೀಟರ್ ನೀರೂ ಈಗ ಮೊದಲಿನ ಎರಡರಷ್ಟು ಶಾಖ ಬಿಟ್ಟುಹೋಗುತ್ತಿರುವುದರಿಂದ ನೀರು ಶೇಕಡಾ 43 ಇದ್ದರೆ ಸಾಕು. ಅರ್ಧಕ್ಕಿಂತ ಹೆಚ್ಚು ನೀರು ದೂರದ ಕೋಣೆಗಳಿಗೆ ಸಿಕ್ಕಿತು, ಹಾಲ್ ಮಾತ್ರ ಬೆಚ್ಚಗೇ ಉಳಿಯಿತು!

ಈ ಬಿಗಿಮಾಡುವ ಕೆಲಸಕ್ಕೆಂದೇ ಪ್ರತಿ ರೇಡಿಯೇಟರಿನ ಒಂದು ಬದಿಯಲ್ಲಿ ಲಾಕ್‌ಶೀಲ್ಡ್ ಎಂಬ ವಾಲ್ವು ಇರುತ್ತದೆ. ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿರುವುದರಿಂದ ಬಹಳ ಮಂದಿ ಅದನ್ನು ಬರೀ ಮುಚ್ಚಳವೆಂದುಕೊಂಡಿರುತ್ತಾರೆ. ಟೋಪಿ ತೆಗೆದರೆ ಒಳಗೆ ಹಿತ್ತಾಳೆಯ ಗಿಡ್ಡ ಕಡ್ಡಿ, ಸ್ಪ್ಯಾನರ್ ಹಿಡಿಯಲು ಚಪ್ಪಟೆ ಮಾಡಿದ ಅದರ ತುದಿ. ಪೂರ್ತಿ ತೆರೆಯಲು ಹಲವು ಸುತ್ತು ತಿರುಗಿಸಬೇಕಾದರೂ, ಹರಿವು ನಿಜವಾಗಿ ಬದಲಾಗುವುದು ಬಹುಮಟ್ಟಿಗೆ ಮೊದಲ ಒಂದು ಸುತ್ತಿನೊಳಗೆ. ಆದ್ದರಿಂದ ಇಲ್ಲಿ ಕಾಲು ಸುತ್ತಿಗೂ ಬೆಲೆ ಇದೆ. ಎದುರು ಬದಿಯ, ಅಂಕಿ ಬರೆದ ಥರ್ಮೋಸ್ಟಾಟ್ ವಾಲ್ವು ಈ ಕೆಲಸ ಮಾಡಲಾರದು. ಅದರೊಳಗಿನ ಮೇಣವೋ ದ್ರವವೋ ಕೋಣೆ ಬೆಚ್ಚಗಾದಂತೆ ಹಿಗ್ಗಿ ನೀರಿನ ದಾರಿ ಮುಚ್ಚುತ್ತದೆ, ಅಷ್ಟೆ. ಬಾರದ ನೀರನ್ನು ಎಳೆದುತರುವ ಶಕ್ತಿ ಅದಕ್ಕಿಲ್ಲ.

ಸ್ಪ್ಯಾನರ್ ಹಿಡಿಯುವ ಮುನ್ನ ರೇಡಿಯೇಟರನ್ನು ಮುಟ್ಟಿ ನೋಡಿ. ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಪುಟ್ಟ ಕೀಲಿಯಿಂದ ಬಿಟ್ಟರಾಯಿತು. ಕೆಳಗೆ ನಡುಭಾಗ ತಣ್ಣಗಿದ್ದರೆ ಉಕ್ಕು ತುಕ್ಕುಹಿಡಿದು ಆದ ಕಪ್ಪು ಕೆಸರು ಕೂತಿದೆ, ತೊಳೆಸಬೇಕು.

ಎರಡೂ ಇಲ್ಲವೆಂದರೆ ಹಂಚಿಕೆಗೆ ಕೈಹಾಕಬಹುದು. ಎಲ್ಲ ವಾಲ್ವುಗಳನ್ನೂ ಪೂರ್ತಿ ತೆರೆದು, ವ್ಯವಸ್ಥೆ ತಣ್ಣಗಾದ ಮೇಲೆ ಬಾಯ್ಲರ್ ಹಚ್ಚಿ, ಯಾವುದು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಬರೆದುಕೊಳ್ಳಿ. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡನ್ನು ಮುಚ್ಚಿ ಕಾಲು ಸುತ್ತು ತೆರೆಯಿರಿ. ಬಾಯ್ಲರ್ ಚೆನ್ನಾಗಿ ಕಾದ ಮೇಲೆ ಎರಡು ಬದಿಯ ಕೊಳವೆಗಳ ಉಷ್ಣಾಂಶ ಅಳೆಯಿರಿ. ಹಳೆಯ ಬಾಯ್ಲರುಗಳಿಗೆ ಸುಮಾರು 11 ಡಿಗ್ರಿ, ಈಗಿನ ಕಂಡೆನ್ಸಿಂಗ್ ಬಾಯ್ಲರುಗಳಿಗೆ ಸುಮಾರು 20 ಡಿಗ್ರಿ ಇಳಿಕೆ ಸಿಗುವವರೆಗೆ ಚೂರುಚೂರೇ ತಿರುಗಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಕೊಳವೆಗೆ ಕಪ್ಪು ಟೇಪು ಸುತ್ತಿ ಅದರ ಮೇಲೆ ಗುರಿಯಿಡಬೇಕು. ಹೊಳೆಯುವ ತಾಮ್ರ ಶಾಖವಿಕಿರಣವನ್ನು ಬಹಳ ಕಡಿಮೆ ಹೊರಸೂಸುವುದರಿಂದ ಸುಡುವ ಕೊಳವೆಯನ್ನೂ ಆ ಯಂತ್ರ ತಣ್ಣಗಿದೆ ಎನ್ನುತ್ತದೆ. ಹೀಗೇ ಬರೆದುಕೊಂಡ ಸರದಿಯಲ್ಲಿ ಸಾಗಿ, ಕೊನೆಯದನ್ನು ಪೂರ್ತಿ ತೆರೆದೇ ಬಿಡಿ. ಒಂದನ್ನು ತಿರುಗಿಸಿದಾಗ ಉಳಿದವುಗಳ ಪಾಲೂ ಬದಲಾಗುವುದರಿಂದ ಇನ್ನೊಂದು ಸುತ್ತು ಬರಲೇಬೇಕು. ತಾಳ್ಮೆಯ ಕೆಲಸ, ಆದರೆ ಖರ್ಚಿಲ್ಲದ್ದು.

ಇದರಿಂದ ಬಾಯ್ಲರಿಗೂ ಲಾಭವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ ಆಗಿರಬೇಕು. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯನ್ನು ದ್ರವವಾಗಿಸಿ, ಅದರೊಳಗಿನ ಶಾಖವನ್ನೂ ಅವು ಹಿಂಪಡೆಯುತ್ತವೆ. ಆದರೆ ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. ಹತ್ತಿರದ ರೇಡಿಯೇಟರಿನಿಂದ 60 ಡಿಗ್ರಿಯ ನೀರು ಓಡೋಡಿ ಬರುತ್ತಿದ್ದರೆ ಆ ಆವಿ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ, ತೆತ್ತ ಹಣವೂ ಜೊತೆಗೇ. ಹೀಟ್ ಪಂಪು ಹಾಕಿಸಿದ ಮನೆಗಳಲ್ಲಿ ಹಂಚಿಕೆ ಇನ್ನೂ ನಾಜೂಕು. ಅಲ್ಲಿ ಇಳಿಕೆಯ ಗುರಿ ಸಾಮಾನ್ಯವಾಗಿ 5 ಡಿಗ್ರಿ ಮಾತ್ರ, ಅಷ್ಟೇ ಶಾಖ ಒಯ್ಯಲು ನಾಲ್ಕು ಪಟ್ಟು ನೀರು ಹರಿಯಬೇಕು.

ಗೋಡೆಗೆ ಬಣ್ಣ ಹಚ್ಚುವವರು ಬಂದಾಗ ಮಾತ್ರ ಎಚ್ಚರ. ರೇಡಿಯೇಟರ್ ಬಿಚ್ಚಲು ಅವರು ಲಾಕ್‌ಶೀಲ್ಡ್ ಮುಚ್ಚುತ್ತಾರೆ, ಮರಳಿ ಕೂರಿಸಿದಾಗ ಪೂರ್ತಿ ತೆರೆದುಬಿಡುತ್ತಾರೆ. ಅಲ್ಲಿಗೆ ಇಡೀ ಮನೆಯ ಹಂಚಿಕೆ ಕೆಟ್ಟಂತೆ. ಮುಚ್ಚುವಾಗ ಎಷ್ಟು ಸುತ್ತಾಯಿತೆಂದು ಎಣಿಸಿ, ಆ ಅಂಕಿಯನ್ನು ಬಿಳಿ ಟೋಪಿಯ ಒಳಮೈಯಲ್ಲೇ ಬರೆದಿಡಿ.