ಅಂಬಲಿಯ ಗಡಿಗೆಯಲ್ಲಿ ನಡೆಯುವುದೇನು?

ಇಂಗ್ಲೆಂಡಿನ ಸಾಮರ್‌ಸೆಟ್ಟಿನಲ್ಲಿಯೂ ಫ್ರಾನ್ಸಿನ ನಾರ್ಮಂಡಿಯಲ್ಲಿಯೂ ಸೇಬಿನ ರಸವನ್ನು ಪೀಪಾಯಿಗಳಲ್ಲಿ ಹುದುಗಲು ಬಿಟ್ಟು ಸೈಡರ್ ಎಂಬ ಪಾನೀಯವನ್ನು ತಯಾರಿಸುತ್ತಾರೆ. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಸೇಬಿನ ತೋಟಗಳಿಲ್ಲ. ಹುದುಗುವ ಗಡಿಗೆ ಮಾತ್ರ ಉಂಟು. ಅದರಲ್ಲಿರುವುದು ಜೋಳದ ಅಂಬಲಿ.

ಕಳೆದ ಬೇಸಗೆಯಲ್ಲಿ ನಾವು ಆ ಊರಿನ ನೇಕಾರರೊಬ್ಬರ ಮನೆಯಲ್ಲಿ ಇದನ್ನು ಮಾಡುವ ಬಗೆಯನ್ನು ಕಂಡೆವು. ಮನೆಯ ಹಿರಿಯಾಕೆ ಎರಡು ಹಿಡಿ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಹುಳಿ ಮಜ್ಜಿಗೆ ಬೆರೆಸಿ, ಇರುಳೆಲ್ಲ ಇರಿಸಿದರು. ಬೆಳಗ್ಗೆ ಅದನ್ನು ಕುದಿಯುವ ನೀರಿಗೆ ಹೊಯ್ದು ತಿರುವಿದರು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ನಂಜಿಕೊಳ್ಳಲು ಉಳ್ಳಾಗಡ್ಡಿ. "ಗಡಗಿ ಬಾಯಿಗೆ ಅರಿವಿ ಕಟ್ರಿ, ಬಿರಡಿ ಹಾಕಬ್ಯಾಡ್ರಿ. ಅದಕ್ಕ ಉಸುರು ಬೇಕ್ರಿ" ಎಂದು ಆಕೆ ಎಚ್ಚರಿಸಿದ್ದರು.

ಆ ಮಾತನ್ನು ನಾವು ಲಕ್ಷಿಸಲಿಲ್ಲ. ಊರಿಗೆ ಮರಳಿ, ಸೈಡರಿನ ಹಾಗೆ ನೊರೆಯೇಳುವ ಅಂಬಲಿಯನ್ನು ಮಾಡುವ ಹುಚ್ಚಿನಿಂದ ಹುಳಿಹಿಟ್ಟಿನ ತಿಳಿಗೆ ಬೆಲ್ಲ ಸೇರಿಸಿ, ಸೀಸೆಗೆ ತುಂಬಿ, ಬಿರಡೆಯನ್ನು ಬಿಗಿದೆವು. ಎರಡನೆಯ ರಾತ್ರಿ ಬಿರಡೆ ಹಾರಿ ಸೂರಿಗೆ ಬಡಿಯಿತು. ಸೀಸೆ ಒಡೆಯದಿದ್ದುದು ನಮ್ಮ ಪುಣ್ಯ.

ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವನ್ನಾಗಿಯೂ ಒಡೆಯುತ್ತದೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರವೂ 88 ಗ್ರಾಂ ಅನಿಲವೂ ಹುಟ್ಟುತ್ತವೆ. ಹತ್ತೇ ಗ್ರಾಂ ಬೆಲ್ಲದ ಸಕ್ಕರೆ ಪೂರ್ತಿ ಹುದುಗಿದರೆ ಎರಡೂವರೆ ಲೀಟರಿನಷ್ಟು ಅನಿಲ! ಮುಚ್ಚಿದ ಗಾಜಿನ ಸೀಸೆಗೆ ಅದು ಸಿಡಿಮದ್ದಿಗೆ ಸಮಾನ. ವಿದ್ಯಾರ್ಥಿ ಮಿತ್ರರು ಈ ಪ್ರಯೋಗಕ್ಕೆ ಕೈಹಾಕಬಾರದು.

ಬರಿಯ ಅಂಬಲಿ ಹೀಗೆ ಸಿಡಿಯದೇಕೆ? ಸೇಬಿನ ರಸದಲ್ಲಿ ಸಕ್ಕರೆ ಸಿದ್ಧವಾಗಿದೆ. ಜೋಳದಲ್ಲಿರುವುದು ಬಹುಪಾಲು ಪಿಷ್ಟ. ಸೈಡರಿನ ಯೀಸ್ಟ್ ಪಿಷ್ಟವನ್ನು ತಿನ್ನಲಾರದು. ಆಫ್ರಿಕದ ದಕ್ಷಿಣ ಭಾಗದಲ್ಲಿ ಇದೇ ಜೋಳವನ್ನು ಮೊಳೆಯಿಸಿ, ಪಿಷ್ಟವನ್ನು ಸಕ್ಕರೆಯಾಗಿಸಿ, ಬಿಯರ್ ಮಾಡುತ್ತಾರೆ; ಮೊಳೆಯಿಸದ ಹಿಟ್ಟಿನಿಂದ ಬೋಟ್ಸ್ವಾನಾದವರು ಟಿಂಗ್ ಎಂಬ ಹುಳಿಗಂಜಿ ಮಾಡುತ್ತಾರೆ. ಅದು ನಮ್ಮ ಅಂಬಲಿಯ ದಾಯಾದಿಯೇ ಸರಿ. ಎರಡರಲ್ಲಿಯೂ ಮೇಲುಗೈ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳದು. ಹಾಲು ಹುಳಿಯುವುದು ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿದ್ದು ಇವುಗಳ ವಿಷಯದಲ್ಲಿಯೇ. ಇವುಗಳಿಗೆ ಗಾಳಿ ಬೇಡ. ಆದುದರಿಂದ ಹಿರಿಯಾಕೆಯ ಕಾರಣ ಸರಿಯಲ್ಲ, ಸಲಹೆ ಮಾತ್ರ ನೂರಕ್ಕೆ ನೂರು ಸರಿ: ಬಟ್ಟೆ ಉಸಿರನ್ನು ಒಳಗೆ ಬಿಡುವುದಕ್ಕಿಂತ ಅನಿಲವನ್ನು ಹೊರಗೆ ಬಿಡುತ್ತದೆ.

ಹಿಟ್ಟನ್ನು ಹುಳಿಯಿಸಿದ ಮೇಲೆ ಕುದಿಸುವ ಕ್ರಮಕ್ಕೂ ಬೆಲೆಯುಂಟು. ಜೋಳದಲ್ಲಿ ಕಬ್ಬಿಣವಿದ್ದರೂ ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸುಲಭವಾಗಿ ದಕ್ಕಗೊಡದು. ಹಿಟ್ಟು ಹುಳಿಯುತ್ತಿರುವಾಗ ಕಾಳಿನಲ್ಲಿಯೇ ಇರುವ ಕಿಣ್ವವೊಂದು ಈ ಆಮ್ಲವನ್ನು ಒಡೆಯುತ್ತದೆ. ಮೊದಲೇ ಕುದಿಸಿದರೆ ಆ ಕಿಣ್ವ ಕೆಡುತ್ತದೆ. ರಕ್ತಹೀನತೆ ವ್ಯಾಪಕವಾಗಿರುವ ನಾಡಿನಲ್ಲಿ, ಅವಸರಕ್ಕೆಂದು ಹಸಿ ಹಿಟ್ಟನ್ನು ಕೂಡಲೇ ಕುದಿಸಿ ಮಜ್ಜಿಗೆ ಬೆರೆಸಿ ಕುಡಿಯುವವರು ಕಳೆದುಕೊಳ್ಳುವುದು ರುಚಿಯೊಂದನ್ನೇ ಅಲ್ಲ.

ಹುನಗುಂದದ ಹಾದಿಯಲ್ಲಿರುವ ಅಮೀನಗಡದ ಕರದಂಟಿನ ಕಥೆ ಬೇರೆ. ಮರದ ಅಂಟನ್ನು ತುಪ್ಪಕ್ಕೆ ಹಾಕಿದೊಡನೆ ಒಳಗಿನ ತೇವ ಉಗಿಯಾಗಿ ಅದು ಹೂವಿನಂತೆ ಅರಳುತ್ತದೆ. ಬೆಲ್ಲದ ಗಟ್ಟಿಪಾಕದಲ್ಲಿ ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರೇ ಇಲ್ಲವಾದ್ದರಿಂದ ಅದು ವಾರಗಟ್ಟಲೆ ಕೆಡದು. ಅಂಬಲಿಗೆ ಅಂಥ ಭಾಗ್ಯವಿಲ್ಲ. ಅದನ್ನು ಕಾಯುವುದು ಹುಳಿಯೊಂದೇ.

ಎರಡನೆಯ ಸಲ ನಾವು ಬಟ್ಟೆಯನ್ನೇ ಕಟ್ಟಿದೆವು. ರಾತ್ರಿ ಪಿಎಚ್ ಕಾಗದ 6ನ್ನು ತೋರಿಸಿತ್ತು. ಬೆಳಗ್ಗೆ 4ರ ಸಮೀಪ ಬಂದಿತ್ತು. ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಗಳು ಅಷ್ಟು ಹುಳಿಯಲ್ಲಿ ಬೆಳೆಯವು. ಬೂಸು ಕಟ್ಟಿರಲಿಲ್ಲ, ದುರ್ವಾಸನೆ ಇರಲಿಲ್ಲ. ಕುದಿಸಿ, ಆರಿಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿದೆವು.