ಕಣ್ಣಿನ ಪಟಲವನ್ನು ಬಿಗಿಯುವ ಬೆಳಕು

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯ. ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು. ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಉಳಿದುದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಇಷ್ಟು ನೀರಿದ್ದರೂ ಅದು ಹರಿಯುವುದಿಲ್ಲ, ಆಕಾರ ಕೆಡುವುದಿಲ್ಲ. ಹೀಗೆ ಎಳೆಗಳ ಜಾಲ ನೀರನ್ನು ಹಿಡಿದಿಟ್ಟುಕೊಂಡ ವಸ್ತುವಿಗೆ ಹೈಡ್ರೋಜೆಲ್ ಎನ್ನುತ್ತಾರೆ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮನುಷ್ಯ ಮಾಡಿದ ಹೈಡ್ರೋಜೆಲ್. ಕಾರ್ನಿಯ ಪ್ರಕೃತಿ ಮಾಡಿದ್ದು.

ಬೆಳಗಾವಿ ಜಿಲ್ಲೆಯ ರಾಮದುರ್ಗದ ನೇಕಾರರಿಗೆ ಇದರ ಗುಟ್ಟು ಬೇಗ ತಿಳಿದೀತು. ಹಾಸು ಹೊಕ್ಕು ವಿರಳವಾಗಿದ್ದರೆ ಬಟ್ಟೆ ಜಗ್ಗುತ್ತದೆ, ಒತ್ತಾಗಿದ್ದರೆ ಬಿಗಿಯಾಗಿ ನಿಲ್ಲುತ್ತದೆ. ಜೆಲ್‌ನಲ್ಲಿ ಎಳೆಗಳು ಒಂದನ್ನೊಂದು ದಾಟುವುದಷ್ಟೇ ಅಲ್ಲ, ಅಲ್ಲಲ್ಲಿ ರಾಸಾಯನಿಕ ಬಂಧದಿಂದ ಗಂಟು ಹಾಕಿಕೊಂಡಿರುತ್ತವೆ. ಈ ಅಡ್ಡಕೊಂಡಿಗಳು ಹೆಚ್ಚಾದಷ್ಟೂ ಜಾಲದ ಕಣ್ಣುಗಳು ಕಿರಿದಾಗುತ್ತವೆ, ಜೆಲ್ ಕಡಿಮೆ ನೀರು ಕುಡಿಯುತ್ತದೆ, ಒತ್ತಿದರೆ ಅಷ್ಟು ಸುಲಭವಾಗಿ ತಗ್ಗುವುದಿಲ್ಲ. ಅತಿಯಾದರೆ ಮಾತ್ರ ಬಿಗುವಿನ ಜೊತೆ ಪೆಡಸುತನವೂ ಬಂದು ಜೆಲ್ ಬಿರುಕು ಬಿಡಬಹುದು.

ಕೊಂಡಿ ಹಾಕಲು ಶಾಖ, ರಾಸಾಯನಿಕ ಹೀಗೆ ಹಲವು ದಾರಿಗಳಿವೆ. ಬೆಳಕಿನ ಹೆಚ್ಚುಗಾರಿಕೆ ಅದರ ಹಿಡಿತದಲ್ಲಿದೆ: ಬೇಕಾದ ಜಾಗಕ್ಕೆ ಬಿಡಬಹುದು, ಬೇಡವಾದಾಗ ಆರಿಸಬಹುದು. ಬೆಳಕನ್ನು ಹೀರುವ ಒಂದು ಅಣುವನ್ನು ಜೆಲ್‌ನಲ್ಲಿ ಬೆರೆಸಿರುತ್ತಾರೆ. ಬೆಳಕು ತಾಗಿದೊಡನೆ ಅದು ಚುರುಕಾಗಿ ಎಳೆಗಳ ನಡುವೆ ಬಂಧ ಬೆಸೆಯುವ ಕೆಲಸ ಆರಂಭಿಸುತ್ತದೆ. ಎಷ್ಟು ಹೊತ್ತು, ಎಷ್ಟು ತೀವ್ರತೆಯ ಬೆಳಕು ಎಂಬುದರ ಮೇಲೆ ಬಿಗುವು ನಿಂತಿದೆ. ಮೇಲಿನ ಪದರವೇ ಹೆಚ್ಚು ಬೆಳಕನ್ನು ಹೀರಿಬಿಡುವುದರಿಂದ ಮೇಲ್ಭಾಗ ಗಟ್ಟಿಯಾಗಿ ಆಳ ಮೆತ್ತಗೇ ಉಳಿಯುವುದುಂಟು. ಪ್ರಯೋಗಾಲಯದಲ್ಲಿ ಇದೊಂದು ತೊಡಕು. ಕಣ್ಣಿನಲ್ಲಿ ಇದೇ ವರವಾಯಿತು.

ಕೆಲವರ ಕಾರ್ನಿಯ ಹರೆಯದಲ್ಲಿ ದುರ್ಬಲವಾಗಿ, ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಈ ಕೆರಟೊಕೋನಸ್ ರೋಗದಲ್ಲಿ ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತದೆ, ದೀಪಗಳು ಚದುರಿದಂತೆ ಕಾಣುತ್ತವೆ. ವಯಸ್ಸಾದಂತೆ ಕಾರ್ನಿಯ ತಾನಾಗಿ ಬಿಗಿಯಾಗುವುದರಿಂದ ರೋಗದ ಓಟವೂ ನಿಧಾನವಾಗುತ್ತದೆ. ಮಧುಮೇಹಿಗಳಲ್ಲಿ, ಸಕ್ಕರೆ ಹಾಕುವ ಕೊಂಡಿಗಳಿಂದಾಗಿ, ಈ ರೋಗ ಅಪರೂಪವೆಂಬುದನ್ನೂ ವೈದ್ಯರು ಗಮನಿಸಿದ್ದರು. ಹಾಗಾದರೆ ಅದೇ ಕೊಂಡಿಯನ್ನು ಎಳೆಯ ಕಣ್ಣಿಗೂ ಏಕೆ ಹಾಕಬಾರದು?

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೊಲೆನ್‌ಸಾಕ್, ಸ್ಪೋರ್ಲ್, ಸೈಲರ್ ಇದಕ್ಕೆ ಉತ್ತರ ಕಂಡುಕೊಂಡರು. ಕಾರ್ನಿಯದ ಹೊರಪದರವನ್ನು ಸರಿಸಿ, 0.1% ರೈಬೊಫ್ಲೇವಿನ್, ಅಂದರೆ ಬಿ2 ವಿಟಮಿನ್, ಹನಿಗಳನ್ನು ಬಿಟ್ಟು, 370 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಕಿರಣವನ್ನು ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್‌ನಂತೆ 30 ನಿಮಿಷ ಹಾಯಿಸುವುದು ಅವರ ವಿಧಾನ. ಆಮ್ಲಜನಕದ ನೆರವಿನಿಂದ ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿ ಬೀಳುತ್ತದೆ. ಹೊರತೆಗೆದ ಮಾನವ ಕಾರ್ನಿಯಗಳಲ್ಲಿ ಬಿಗುವು ಮೂರು ಪಟ್ಟಿಗಿಂತ ಹೆಚ್ಚಿತು. ಮೊಲದ ಕಣ್ಣಿನ ಮುಂಪದರದಲ್ಲಿ ಎಳೆಗಳು ಸುಮಾರು 12% ದಪ್ಪವಾದವು. ಮೇಲಿನ ಸುಮಾರು 300 ಮೈಕ್ರಾನ್‌ನಲ್ಲೇ ಬೆಳಕು ಬಹುತೇಕ ಮುಗಿಯುವುದರಿಂದ ಒಳಗಿನ ಸೂಕ್ಷ್ಮ ಕೋಶಗಳು ಉಳಿಯುತ್ತವೆ. ಕಾರ್ನಿಯ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕೆಂಬ ನಿಯಮದ ಕಾರಣವೂ ಇದೇ. 2003ರಲ್ಲಿ ಪ್ರಕಟವಾದ ಅವರ ವರದಿಯ 23 ಕಣ್ಣುಗಳಲ್ಲಿ ಎಲ್ಲದರಲ್ಲೂ ಉಬ್ಬು ನಿಂತಿತ್ತು. 16ರಲ್ಲಿ ತುಸು ಇಳಿದೂ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೊತ್ತು ಉಳಿಸಲೆಂದು ಬೆಳಕನ್ನು ತೀವ್ರಗೊಳಿಸಿದ ವಿಧಾನಗಳೂ ಬಂದವು. ಆದರೆ ಆಮ್ಲಜನಕ ಬೇಗ ಖಾಲಿಯಾಗುವುದರಿಂದ ಬಿಗುವು ಕಡಿಮೆ ದಕ್ಕುತ್ತದೆ. ಅವಸರಕ್ಕೆ ಇಲ್ಲೊಂದು ಮಿತಿಯಿದೆ.

ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಈ ಚಿಕಿತ್ಸೆ ನೀಡುವುದರ ಜೊತೆಗೆ ಕೆರಟೊಕೋನಸ್ ಕುರಿತು ಸಂಶೋಧನೆಯನ್ನೂ ನಡೆಸುತ್ತಿದೆ. ಗಾಯಗೊಂಡ ಕಾರ್ನಿಯದ ಮೇಲೆ ದ್ರವವಾಗಿ ಹಾಕಿ ಬೆಳಕಿನಿಂದ ಗಟ್ಟಿಮಾಡುವ ಹೈಡ್ರೋಜೆಲನ್ನು ಬೆಂಗಳೂರಿನದೇ ಪ್ಯಾಂಡೋರಮ್ ಟೆಕ್ನಾಲಜೀಸ್ ರೂಪಿಸುತ್ತಿದೆ.

ಒಂದು ಮಾತು ಮನಸ್ಸಿನಲ್ಲಿರಬೇಕು: ಈ ಬೆಳಕು ರೋಗವನ್ನು ಅಲ್ಲಿಗೆ ನಿಲ್ಲಿಸುತ್ತದೆ, ಕಳೆದ ದೃಷ್ಟಿಯನ್ನು ಪೂರ್ತಿ ಮರಳಿ ಕೊಡುವುದಿಲ್ಲ. ಆದ್ದರಿಂದ ಬೇಗ ಗುರುತಿಸುವುದೇ ಮುಖ್ಯ. ಕಣ್ಣನ್ನು ಬಲವಾಗಿ ಉಜ್ಜುವುದು ರೋಗವನ್ನು ಕೆರಳಿಸುತ್ತದೆ. ಜೋಳ, ಕಡಲೆಯ ರಾಶಿ ಮಾಡುವ ದಿನಗಳಲ್ಲಿ ಧೂಳು, ಹೊಟ್ಟು ಹಾರಿ ಕಣ್ಣು ತುರಿಸಿದಾಗ ಮಕ್ಕಳು ಮಾಡುವುದು ಅದನ್ನೇ. ಆಗ ಉಜ್ಜಲು ಬಿಡದೆ ತಣ್ಣೀರಿನಿಂದ ತೊಳೆಯಬೇಕು. ಹದಿಹರೆಯದ ಮಗ ಅಥವಾ ಮಗಳ ಕನ್ನಡಕದ ನಂಬರ್ ವರ್ಷಕ್ಕೆರಡು ಸಲ ಬದಲಾಗುತ್ತಿದ್ದರೆ, ಹೊಸ ಕನ್ನಡಕ ಕೊಳ್ಳುವ ಮೊದಲು ಕಾರ್ನಿಯದ ನಕ್ಷೆ ತೆಗೆಸಿ ನೋಡಬೇಕು.